ದಂಡಿನ ಹುಡುಗರು ಮತ್ತು ಡಿಸ್ಕೋ ಹಾಡು

ಒಂದು ಪ್ರಶ್ನೆಯಿಂದ ಆರಂಭಿಸೋಣ. ಭಾರತದಲ್ಲಿ ಡಿಸ್ಕೋ ಹಾಡಿನ ಗೀಳು ಹಚ್ಚಿದವರು ಯಾರು? ಹತ್ತು ಮಂದಿಯನ್ನು ಕೇಳಿದರೆ ಎಂಟು ಮಂದಿ ಬಪ್ಪಿ ಲಹಿರಿಯ ಹೆಸರು ಹೇಳಿಯಾರು. 1982ರ 'ಡಿಸ್ಕೋ ಡ್ಯಾನ್ಸರ್' ಚಿತ್ರ, ಅದರಲ್ಲಿ ಮಿಥುನ್ ಚಕ್ರವರ್ತಿಯ ಕುಣಿತ, ಬಪ್ಪಿಯ ಕೊರಳಿನ ಚಿನ್ನದ ಸರಗಳು, ಇವು ಜನರ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ಕುಳಿತಿವೆ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 1980ರ ಜೂನ್ 20ರಂದು, 'ಕುರ್ಬಾನಿ' ಎಂಬ ಚಿತ್ರ ತೆರೆಕಂಡಿತ್ತು. ಅದರ 'ಆಪ್ ಜೈಸಾ ಕೋಯಿ' ಎಂಬ ಹಾಡು ಬೀದಿ ಬೀದಿಯಲ್ಲಿ ಮೊಳಗಿತ್ತು. ಆ ಚಿತ್ರದ ನಿರ್ಮಾಪಕ, ನಿರ್ದೇಶಕ ಮತ್ತು ನಾಯಕ ಫಿರೋಝ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಆ ಹಾಡಿಗೆ ರಾಗ ಹಾಕಿದ ಬಿಡ್ಡು ಅಪ್ಪಯ್ಯ ಹುಟ್ಟಿದ್ದೂ ಬೆಂಗಳೂರಿನಲ್ಲಿ. ಹಾಡಿದವಳು ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಹದಿನೈದರ ಹುಡುಗಿ ನಾಝಿಯಾ ಹಸನ್.

ಬೆಂಗಳೂರಿನ ಒಬ್ಬ ಮುಸ್ಲಿಮ್, ಕೊಡವ ಮೂಲದ ಒಬ್ಬ ಬೆಂಗಳೂರಿಗ, ಪಾಕಿಸ್ತಾನದ ಒಬ್ಬ ಹುಡುಗಿ. ಈ ಮೂವರು ಸೇರಿ ಒಂದು ಇಡೀ ಪೀಳಿಗೆಯ ಕಾಲು ಕುಣಿಸಿದರು. ಬೆಂಗಳೂರಿನ ಚರಿತ್ರೆಯ ಕುರಿತು ನಾವು ಓದಿದ ಪುಸ್ತಕಗಳಲ್ಲಿ ಈ ಸಂಗತಿಗೆ ಒಂದು ಸಾಲಿನ ಜಾಗವೂ ಸಿಕ್ಕಿದ್ದನ್ನು ನಾವು ಕಂಡಿಲ್ಲ. ಹಾಡು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬ ನಮ್ಮವರ ಹಳೆಯ ಚರ್ಚೆಯೂ ಇದೆ. ಅದನ್ನು ಬಲ್ಲವರಿಗೆ ಬಿಟ್ಟು ನಾವು ಚರಿತ್ರೆಯ ಮಾತಿಗೆ ಬರೋಣ. ಒಂದು ಊರು ಯಾರನ್ನು ತನ್ನವರೆಂದು ನೆನಪಿಡುತ್ತದೆ, ಯಾರನ್ನು ಮರೆಯುತ್ತದೆ ಎಂಬ ಪ್ರಶ್ನೆ ಇಲ್ಲಿದೆ.

ಮೊದಲು ಜಾಗದ ವಿಷಯ. ಬ್ರಿಟಿಷರು ಬೆಂಗಳೂರಿನಲ್ಲಿ ಸೈನ್ಯದ ನೆಲೆಯನ್ನು ಕಟ್ಟಿದ್ದು 1809ರಲ್ಲಿ. ಕನ್ನಡಿಗರು ಅದನ್ನು ದಂಡು ಎಂದರು. ಇಂದಿಗೂ ಕಂಟೋನ್ಮೆಂಟ್ ರೈಲ್ವೆ ನಿಲ್ದಾಣದ ಫಲಕದಲ್ಲಿ 'ಬೆಂಗಳೂರು ದಂಡು' ಎಂದೇ ಇದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ; ಪೇಟೆ ಮತ್ತು ದಂಡು ಎರಡೂ ಒಂದೇ ನಗರಪಾಲಿಕೆಯ ಅಡಿಗೆ ಬಂದದ್ದು 1949ರಲ್ಲಿ. ಕಾಗದದ ಮೇಲೆ ಒಂದಾದವು ಎನ್ನಿ. ಮನಸ್ಸಿನಲ್ಲಿ ಕಬ್ಬನ್ ಪಾರ್ಕು ಬಹಳ ಕಾಲ ಗಡಿಯಾಗಿಯೇ ಉಳಿಯಿತು. ಆಚೆ ಕನ್ನಡದ ಪೇಟೆ, ಈಚೆ ಸೈನ್ಯದ ಹಿಂದೆ ಬಂದ ತಮಿಳರು, ಉರ್ದು ಮಾತಾಡುವ ಮುಸ್ಲಿಮರು, ತೆಲುಗರು, ಆಂಗ್ಲೋ-ಇಂಡಿಯನ್ನರು.

ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಶಿವಾಜಿನಗರದಲ್ಲಿ ಈ ಎಲ್ಲರೂ ಒತ್ತೊತ್ತಾಗಿ ಬದುಕುತ್ತಿದ್ದರು. ರಸೆಲ್ ಮಾರುಕಟ್ಟೆಯ ಒಂದು ಪಕ್ಕ ಮಸೀದಿಯ ಬಾಂಗು, ಇನ್ನೊಂದು ಪಕ್ಕ ಸೇಂಟ್ ಮೇರಿ ಬೆಸಿಲಿಕಾದ ಗಂಟೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟ ಭಕ್ತರು ಬಂದರೆ ಹೂವು, ಮೇಣದಬತ್ತಿ ಮಾರುವವರಲ್ಲಿ ನಮ್ಮವರೂ ಇರುತ್ತಿದ್ದರು. ಸೈನ್ಯದ ವಾದ್ಯಮೇಳದ ರೂಢಿ ಬೀದಿಗೂ ಇಳಿದು ಮದುವೆಯ ಬ್ಯಾಂಡ್‌ಸೆಟ್ ಆಯಿತು. ಮೆರವಣಿಗೆಯಲ್ಲಿ ಕಹಳೆ ಊದುವವನಿಗೆ ಹಾಡಿನ ಭಾಷೆ ಯಾವುದೆಂಬ ಚಿಂತೆ ಇರಲಿಲ್ಲ. ಮದುವೆ ಮನೆಯವರು ಯಾವ ಹಾಡು ಕೇಳುತ್ತಾರೋ ಅದು ಬರಬೇಕು, ಅಷ್ಟೆ.

ಇಂಥ ಊರಿನಲ್ಲಿ 1939ರ ಸೆಪ್ಟೆಂಬರ್ 25ರಂದು ಫಿರೋಝ್ ಖಾನ್ ಹುಟ್ಟಿದರು. ತಂದೆ ಅಫ್ಘಾನ್ ಮೂಲದವರು, ತಾಯಿ ಇರಾನಿ ಮೂಲದವರು. ತಮ್ಮಂದಿರಾದ ಸಂಜಯ್ ಖಾನ್, ಅಕ್ಬರ್ ಖಾನ್ ಕೂಡ ಮುಂದೆ ಸಿನಿಮಾ ಸೇರಿದರು. ಬಿಷಪ್ ಕಾಟನ್ ಮತ್ತು ಸೇಂಟ್ ಜರ್ಮೇನ್ ಶಾಲೆಗಳಲ್ಲಿ ಓದಿದ ಫಿರೋಝ್ 1960ರ ಹೊತ್ತಿಗೆ ಮುಂಬೈಯಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಕುದುರೆಯ ಹುಚ್ಚು, ಕಾರಿನ ಹುಚ್ಚು, ಚರ್ಮದ ಜಾಕೆಟ್ಟು, ದೊಡ್ಡ ಟೋಪಿ, ಆ ಠೀವಿಯನ್ನು ಮುಂಬೈ ಕಲಿಸಿತೋ ದಂಡಿನ ರಸ್ತೆಗಳು ಕಲಿಸಿದವೋ ಹೇಳುವುದು ಕಷ್ಟ. ನಮ್ಮ ಅನುಮಾನ ಎರಡನೆಯದರ ಮೇಲೆ.

ಬಿಡ್ಡು ಹುಟ್ಟಿದ್ದು 1945ರಲ್ಲಿ. ಅವರ ಬಾಲ್ಯಕ್ಕೆ ರಾಗ ತುಂಬಿದ್ದು ರೇಡಿಯೊ ಸಿಲೋನ್. ಅದಕ್ಕೊಂದು ಕಾರಣವಿದೆ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆಂದು ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಕೇಳುಗರು ರೇಡಿಯೊದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಅಲ್ಲಿ ಹಿಂದಿ ಹಾಡೂ ಸಿಗುತ್ತಿತ್ತು, ಇಂಗ್ಲಿಷ್ ಪಾಪ್ ಹಾಡೂ ಸಿಗುತ್ತಿತ್ತು. ಹದಿಹರೆಯದ ಬಿಡ್ಡು ಗಿಟಾರ್ ಕಲಿತು ಗೆಳೆಯರೊಂದಿಗೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಬೆಂಗಳೂರಿನ ಕ್ಲಬ್ಬು, ಬಾರುಗಳಲ್ಲಿ ಬೀಟಲ್ಸ್ ಹಾಡು ಹಾಡಿದರು. ತಂಡ ಕಲ್ಕತ್ತಾಕ್ಕೆ, ಮುಂಬೈಗೆ ಹೋಗಿ ಒಡೆಯಿತು. ಬಿಡ್ಡು ಒಬ್ಬರೇ ಉಳಿದರು. 1967ರ ಹೊತ್ತಿಗೆ ಮಧ್ಯಪ್ರಾಚ್ಯದ ದಾರಿ ಹಿಡಿದು ಇಂಗ್ಲೆಂಡಿಗೆ ಹೊರಟುಬಿಟ್ಟರು. ಲಂಡನ್ನಿನಲ್ಲಿ ಹೊಟ್ಟೆಪಾಡಿಗೆ ಅಡುಗೆ ಕೆಲಸ ಮಾಡಿದ್ದೂ ಉಂಟು.

1974ರಲ್ಲಿ ಅವರ ಅದೃಷ್ಟ ತಿರುಗಿತು. ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್‌ನ ಒಂದು ಹಾಡನ್ನು ಧ್ವನಿಮುದ್ರಿಸುತ್ತಿದ್ದಾಗ ರೆಕಾರ್ಡಿನ ಹಿಂಬದಿಗೆ ತುಂಬಲು ಇನ್ನೊಂದು ಹಾಡು ಬೇಕಾಯಿತು. ಕೊನೆಯ ಹತ್ತು ನಿಮಿಷದಲ್ಲಿ, ಯಾರೂ ಗಂಭೀರವಾಗಿ ತೆಗೆದುಕೊಳ್ಳದೆ ಮುಗಿಸಿದ ಆ ಹಿಂಬದಿಯ ಹಾಡು 'ಕುಂಗ್ ಫು ಫೈಟಿಂಗ್'. ಕಂಪೆನಿಯವರು ಕೇಳಿ, ಇದೇ ಮುಂಬದಿಗೆ ಬರಲಿ ಎಂದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಸೆಪ್ಟೆಂಬರಿನಲ್ಲಿ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಡಿಸೆಂಬರಿನಲ್ಲಿ ಮೊದಲ ಸ್ಥಾನಕ್ಕೇರಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ಬಿಡ್ಡು ನಿರ್ಮಾಣದ ಇನ್ನೊಂದು ಹಾಡು ಮತ್ತೆ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಬಂತು. ಡಿಸ್ಕೋ ಎಂಬುದು ಯುರೋಪಿನಲ್ಲಿ ರೂಪ ಪಡೆಯುತ್ತಿದ್ದ ದಿನಗಳಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರು ಬೆಂಗಳೂರಿನವರು. ಇದು ಅಭಿಮಾನದ ಉತ್ಪ್ರೇಕ್ಷೆಯಲ್ಲ, ಪಟ್ಟಿಗಳಲ್ಲಿ ದಾಖಲಾದ ಸಂಗತಿ.

ಅಮೆರಿಕದಲ್ಲಿ ಡಿಸ್ಕೋ ಮೊದಲು ಬೆಳೆದದ್ದು ಕರಿಯರ, ಲ್ಯಾಟಿನ್ ಅಮೆರಿಕನ್ನರ ಮತ್ತು ಸಲಿಂಗಿಗಳ ಕ್ಲಬ್ಬುಗಳಲ್ಲಿ. 1977ರ 'ಸ್ಯಾಟರ್ಡೇ ನೈಟ್ ಫೀವರ್' ಚಿತ್ರದ ನಂತರ ಅದು ಎಲ್ಲರ ಮನೆಗೆ ಬಂತು. ಬಂದಷ್ಟೇ ಬೇಗ ಅದರ ಮೇಲೆ ಸಿಟ್ಟೂ ಹುಟ್ಟಿತು. 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಜನ ತಂದು ಹಾಕಿದ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಸಿ ಸುಟ್ಟರು. ಸುಟ್ಟದ್ದು ಬರೀ ಪ್ಲಾಸ್ಟಿಕ್ ಅಲ್ಲ, ಕರಿಯರ ಸಂಗೀತದ ಮೇಲಿನ ಅಸಹನೆಯೂ ಅದರಲ್ಲಿತ್ತು ಎಂದು ಅನಂತರ ಅನೇಕರು ಬರೆದರು. ಜುಲೈ 21ರ ಅಮೆರಿಕದ ಪಟ್ಟಿಯಲ್ಲಿ ಮೊದಲ ಆರು ಹಾಡುಗಳೂ ಡಿಸ್ಕೋ. ಸೆಪ್ಟೆಂಬರ್ 22ರ ಪಟ್ಟಿಯ ಮೊದಲ ಹತ್ತರಲ್ಲಿ ಒಂದೂ ಇಲ್ಲ. ಎರಡೇ ತಿಂಗಳು!

ಅಲ್ಲಿ ಬೆಂಕಿಗೆ ಹಾಕಿದ ಸರಕು ಒಂದು ವರ್ಷದೊಳಗೆ ಇಲ್ಲಿ ಹೊಸ ಸರಕಾಗಿ ಬಂತು. ಫಿರೋಝ್ ಖಾನ್ ಲಂಡನ್ನಿನಲ್ಲಿ ನಾಝಿಯಾಳನ್ನು ಕಂಡದ್ದು ನಟಿ ಝೀನತ್ ಅಮಾನ್ ಮೂಲಕ. 'ಕುರ್ಬಾನಿ'ಯ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ ಅವರದ್ದು. ಆ ಒಂದು ಹಾಡನ್ನು ಮಾತ್ರ ಫಿರೋಝ್ ತನ್ನ ಊರಿನವನಾದ ಬಿಡ್ಡುವಿನ ಕೈಗೆ ಕೊಟ್ಟರು. ಹಿಂದಿ ಚಿತ್ರಗಳಿಗೆ ಬಿಡ್ಡು ಅದುವರೆಗೆ ಕೆಲಸ ಮಾಡಿರಲಿಲ್ಲ. ಶಾಲೆಗೆ ಹೋಗುವ ಹುಡುಗಿಗೆ ಸಂಗೀತದ ತಾಲೀಮು ಇರಲಿಲ್ಲ. ಲತಾ, ಆಶಾ ಅವರ ದನಿಗೆ ಪಳಗಿದ ಕಿವಿಗೆ ಆ ದನಿ ವಿಚಿತ್ರವಾಗಿ ಕೇಳಿಸಿತು. ಮೂಗಿನಿಂದ ಬಂದಂತೆ, ನಿರುಮ್ಮಳವಾಗಿ, ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲದಂತೆ. ಮರುವರ್ಷ ಆ ಹುಡುಗಿಗೆ ಉತ್ತಮ ಹಿನ್ನೆಲೆ ಗಾಯಕಿಯ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಪಾಕಿಸ್ತಾನಿ ಅವಳು.

ಅದೇ 'ಕುರ್ಬಾನಿ'ಯ ರೆಕಾರ್ಡಿನಲ್ಲಿ ಇನ್ನೊಂದು ಹಾಡಿದೆ. ಚಿತ್ರದ ಹೆಸರನ್ನೇ ಹೊತ್ತ ಆ ಕವ್ವಾಲಿಯಲ್ಲಿ ಕಿಶೋರ್ ಕುಮಾರ್, ಅನ್ವರ್ ಜೊತೆಗೆ ಕವ್ವಾಲ ಅಝೀಝ್ ನಾಝಾನ್ ದನಿಯಿದೆ. ಮುಹಮ್ಮದ್ ರಫಿ ಮತ್ತು ಆಶಾ ಹಾಡಿದ ಯುಗಳಗೀತೆಯೂ ಇದೆ. ಡಿಸ್ಕೋ, ಕವ್ವಾಲಿ, ರಫಿ ಒಂದೇ ರೆಕಾರ್ಡಿನಲ್ಲಿ! ಡಿಸ್ಕೋ ನಮ್ಮ ಸಂಸ್ಕೃತಿಯನ್ನು ಹಾಳುಮಾಡಿತು ಎಂದು ಆಗ ದೂರಿದವರು ಈ ನೆರೆಹೊರೆಯನ್ನು ಗಮನಿಸಲಿಲ್ಲವೇನೋ. ಕವ್ವಾಲಿಯ ಬಿಡದ ಚಪ್ಪಾಳೆಗೆ ಒಗ್ಗಿದ್ದ ಕಿವಿಗೆ ಡಿಸ್ಕೋದ ಬಿಡದ ಡ್ರಮ್ಮು ಅಷ್ಟೊಂದು ಹೊರಗಿನದಾಗಿ ಕೇಳಿಸಿರಲಾರದು ಎಂಬುದು ನಮ್ಮ ಅನಿಸಿಕೆ.

ಚಿತ್ರ ಬಂದು ಆರು ವಾರವೂ ಆಗಿರಲಿಲ್ಲ. 1980ರ ಜುಲೈ 31ರ ರಾತ್ರಿ ರಫಿ ಸಾಹೇಬರು ತೀರಿಹೋದರು. ರಮಝಾನ್ ತಿಂಗಳು. ಮುಂಬೈಯಲ್ಲಿ ಸುರಿಯುವ ಮಳೆಯಲ್ಲಿ ಸಾವಿರಾರು ಜನ ಜುಹುವಿನ ಕಬರಸ್ತಾನದವರೆಗೆ ನಡೆದರು. ಶಿವಾಜಿನಗರದಲ್ಲಿ ಆ ಕಾಲವನ್ನು ಕಂಡ ಹಿರಿಯರ ಮಾತಿನಲ್ಲಿ ಈ ಎರಡು ಸಂಗತಿಗಳು ಬೆರೆತುಹೋಗಿವೆ. ರಫಿ ಹೋದರು, ಡಿಸ್ಕೋ ಬಂತು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಒಂದು ಇನ್ನೊಂದಕ್ಕೆ ಕಾರಣ ಎಂಬಂತೆ. ಅವರ ದುಃಖ ನಿಜ. ಲೆಕ್ಕ ಮಾತ್ರ ನಿಜವಲ್ಲ. ಅದನ್ನು ತಿಳಿಯಲು ಆಗಿನ ಜನಪ್ರಿಯ ಹಾಡುಗಳ ಪಟ್ಟಿಯ ಕಡೆ ನೋಡಬೇಕು.

ಆ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ಪಟ್ಟಿ, ಬಿನಾಕಾ ಗೀತಮಾಲಾ. ಬುಧವಾರ ರಾತ್ರಿ 8 ಗಂಟೆಗೆ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ದನಿ ಬಂದರೆ ಓಣಿಯ ಮಾತು ನಿಲ್ಲುತ್ತಿತ್ತು. 1952ರಲ್ಲಿ ಆರಂಭವಾದಾಗ ಅದು ಏಳು ಹಾಡುಗಳ ಸಣ್ಣ ಸ್ಪರ್ಧೆ. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರಗಳು ಬಂದವು. ಮುಂದೆ ಅದು ವಾರಕ್ಕೆ 65,000ಕ್ಕೆ ಏರಿದಾಗ ಪತ್ರ ಎಣಿಸುವುದೇ ಅಸಾಧ್ಯವಾಗಿ, ಹಾಡುಗಳಿಗೆ ಸ್ಥಾನ ಕೊಡುವ ಪಟ್ಟಿಯಾಯಿತು. ಪಟ್ಟಿಗೆ ಆಧಾರ ಅಂಗಡಿಗಳ ರೆಕಾರ್ಡ್ ಮಾರಾಟ. ಇದರಲ್ಲೊಂದು ತೊಡಕಿತ್ತು. ತಮ್ಮ ಹಾಡು ಮೇಲೇರಲೆಂದು ಸಿನಿಮಾದವರೇ ಅಂಗಡಿಯಿಂದ ರೆಕಾರ್ಡುಗಳನ್ನು ಕಟ್ಟುಗಟ್ಟಲೆ ಕೊಳ್ಳಬಹುದಿತ್ತು. ಸಯಾನಿಯವರೇ ಇದನ್ನು ಹೇಳಿಕೊಂಡಿದ್ದರು. ಅದನ್ನು ಸರಿದೂಗಿಸಲು ಊರೂರಿನ ರೇಡಿಯೊ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಳ್ಳಲಾಯಿತು.

ಈಗ ನೋಡಿ. 1980ರ ವರ್ಷಾಂತ್ಯದ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವುದಕ್ಕೆ? ಡಿಸ್ಕೋ ಹಾಡಿಗಲ್ಲ. 'ಸರ್ಗಮ್' ಚಿತ್ರದ ಡಫ್ಲಿಯ ಹಾಡಿಗೆ. ಹಾಡಿದವರು ಲತಾ ಮತ್ತು ರಫಿ. ಹಳ್ಳಿಯ ಹುಡುಗ ಡಫ್ಲಿ ಬಾರಿಸುವ ಕಥೆ ಅದು, ಕೆ. ವಿಶ್ವನಾಥ್ ಅವರ ತೆಲುಗು ಚಿತ್ರವೊಂದರ ಹಿಂದಿ ರೂಪ. 1981ರಲ್ಲಿ ಮೊದಲ ಸ್ಥಾನ 'ಲಾವಾರಿಸ್' ಚಿತ್ರದ ಅಂಗಳದ ಹಾಡಿಗೆ, ಉತ್ತರದ ಜಾನಪದದ ಧಾಟಿಯದು. ಡಿಸ್ಕೋ ಯುಗ ಎಂದು ನಾವೆಲ್ಲ ಕರೆಯುವ ವರ್ಷಗಳಲ್ಲಿ ಪಟ್ಟಿಯ ತುದಿಯಲ್ಲಿ ಕುಳಿತದ್ದು ಡಫ್ಲಿ ಮತ್ತು ಡೋಲಕ್! ರಫಿಯನ್ನು ಡಿಸ್ಕೋ ಓಡಿಸಲಿಲ್ಲ. ಅವರು ತೀರಿಹೋದ ವರ್ಷವೂ ಮೊದಲ ಸ್ಥಾನದಲ್ಲಿ ಅವರ ದನಿಯೇ ಇತ್ತು.

ಹಾಗಾದರೆ ಡಿಸ್ಕೋ ಎಲ್ಲಿತ್ತು? ಪಟ್ಟಿ ಎಣಿಸದ ಜಾಗದಲ್ಲಿತ್ತು. ಎಲ್.ಪಿ. ರೆಕಾರ್ಡು ಕೊಳ್ಳುವವರು ಉಳ್ಳವರು. ಎಂಬತ್ತರ ದಶಕದ ಆರಂಭದಲ್ಲಿ ಕ್ಯಾಸೆಟ್ ಬಂದು ಇಡೀ ವ್ಯಾಪಾರದ ಬುಡ ಅಲುಗಾಡಿಸಿತು. ಗಲ್ಫಿನಿಂದ ರಜೆಗೆ ಬಂದವರು ಟೂ-ಇನ್-ಒನ್ ತಂದರು. ಕರಾವಳಿಯ ಊರುಗಳ ಹಾಗೆಯೇ ಶಿವಾಜಿನಗರದ ಮನೆಗಳಿಗೂ ಅದು ಬಂತು. ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಮಕ್ಕಳು ಮುಟ್ಟದಂತೆ ಎತ್ತರದಲ್ಲಿ ಇಡುತ್ತಿದ್ದರು. ಹಲಸೂರಿನಿಂದ ಆಚೆ ಎಚ್.ಎ.ಎಲ್., ಎನ್.ಜಿ.ಇ.ಎಫ್., ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ. ಹೀಗೆ ಕಾರ್ಖಾನೆಗಳ ಸಾಲು. ಬೋನಸ್ ಬಂದಾಗ ಅಲ್ಲಿನ ಕಾರ್ಮಿಕರ ಮನೆಗೂ ಟೇಪ್ ರೆಕಾರ್ಡರ್ ಬಂತು.

ಕ್ಯಾಸೆಟ್ ಅಂಗಡಿಯ ಒಂದು ಪದ್ಧತಿಯನ್ನು ಈಗಿನವರಿಗೆ ಹೇಳಬೇಕು. ಖಾಲಿ ಕ್ಯಾಸೆಟ್ ಕೊಂಡು, ನಮಗೆ ಬೇಕಾದ ಹಾಡುಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಡಿಯವನು ಎರಡು ದಿನದಲ್ಲಿ ತುಂಬಿಕೊಡುತ್ತಿದ್ದ. 60 ನಿಮಿಷದ್ದಕ್ಕೆ ಒಂದು ದರ, 90 ನಿಮಿಷದ್ದಕ್ಕೆ ಒಂದು ದರ. ಕಾನೂನಿನ ಪ್ರಕಾರ ಅದು ಕಳ್ಳತನವೇ. ಆದರೆ ಜನರ ನಿಜವಾದ ಹಿಟ್ ಪಟ್ಟಿ ಯಾವುದಾದರೂ ಇದ್ದರೆ ಅದು ಆ ಚೀಟಿಗಳಲ್ಲಿತ್ತು. ಶಿವಾಜಿನಗರದ ಒಂದು ಚೀಟಿಯಲ್ಲಿ ರಫಿಯ ಎರಡು ಹಾಡು, ಅಝೀಝ್ ನಾಝಾನ್ ಕವ್ವಾಲಿ ಒಂದು, ನಾಝಿಯಾ ಒಂದು, ಇಳಯರಾಜಾರ ತಮಿಳು ಹಾಡು ಒಂದು, ಬೋನಿ ಎಂ ಒಂದು, ಅಪ್ಪನ ಮನಸ್ಸು ಗೆಲ್ಲಲು ಕೊನೆಗೊಂದು ನಾತ್. ರೈಲ್ವೆ ಹಳಿಯ ಆಚೆಯ ಹುಡುಗ ಬರೆದರೆ ರಾಜ್‌ಕುಮಾರ್ ಹಾಡು ಮೊದಲು ಬರುತ್ತಿತ್ತು. ಆ ಚೀಟಿಗಳನ್ನು ಯಾರೂ ಎಣಿಸಲಿಲ್ಲ, ಕಾಪಿಡಲಿಲ್ಲ. ಹಾಡು ತುಂಬಿದ ಮೇಲೆ ಅಂಗಡಿಯವನು ಅದನ್ನು ಮುದುಡಿ ಬಿಸಾಡುತ್ತಿದ್ದ.

1981ರಲ್ಲಿ ನಾಝಿಯಾ ಮತ್ತು ತಮ್ಮ ಝೊಹೇಬ್ ಹಾಡಿದ 'ಡಿಸ್ಕೋ ದೀವಾನೆ' ಬಂತು. ಇದೂ ಬಿಡ್ಡು ಅವರದ್ದೇ. ಈ ಸಂಗ್ರಹದ ಮಹತ್ವ ನಮ್ಮ ಕಣ್ಣಿಗೆ ಬೇರೆ ಕಡೆ ಇದೆ. ಅದರ ಹಿಂದೆ ಸಿನಿಮಾ ಇರಲಿಲ್ಲ. ನಾಯಕ ಇಲ್ಲ, ನಾಯಕಿ ಇಲ್ಲ, ಕಥೆ ಇಲ್ಲ, ಬರೀ ಹಾಡು. ಸಿನಿಮಾದ ಹಂಗಿಲ್ಲದೆ ಪಾಪ್ ಹಾಡು ನಮ್ಮ ದೇಶದಲ್ಲಿ ಇಷ್ಟು ದೊಡ್ಡದಾಗಿ ಗೆಲ್ಲಬಹುದು ಎಂದು ತೋರಿಸಿದ್ದು ಅದು. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಮತ್ತೆ ಅದೇ ದಾರಿಯಲ್ಲಿ ಗೆದ್ದಾಗ ಹಿಂದೆ ನಿಂತಿದ್ದವರು ಅದೇ ಬಿಡ್ಡು. ನಡುವೆ 1982ರ 'ಸ್ಟಾರ್' ಎಂಬ ಚಿತ್ರಕ್ಕೆ ಅವರು ಸಂಗೀತ ಕೊಟ್ಟರು. ಚಿತ್ರ ಮಕಾಡೆ ಮಲಗಿತು, ಹಾಡು ಉಳಿಯಿತು.

ಇಷ್ಟೆಲ್ಲ ಆಗುವಾಗ ಕನ್ನಡ ಏನು ಮಾಡುತ್ತಿತ್ತು? ಸುಮ್ಮನೆ ಕುಳಿತಿರಲಿಲ್ಲ. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದ್ದರು. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಬಂತು. ಇಳಯರಾಜಾ ಸಂಗೀತದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಸಂತೋಷದ ಹಾಡು ಕನ್ನಡಕ್ಕೆ ಸಿಕ್ಕ ಒಳ್ಳೆಯ ಡಿಸ್ಕೋ. ಇಂದಿಗೂ ಹೊಸ ವರ್ಷದ ರಾತ್ರಿ ಅದಿಲ್ಲದೆ ಆರ್ಕೆಸ್ಟ್ರಾ ಮುಗಿಯುವುದಿಲ್ಲ. 1980ರ 'ಆಟೋ ರಾಜ'ದ ನಂತರ ಶಂಕರ್ ನಾಗ್ ಚಿತ್ರ ಆಟೋಗಳ ಹಿಂದೆ ಏರಿತು. ಶಿವಾಜಿನಗರ ಬಸ್ ನಿಲ್ದಾಣದ ಬಳಿ ನಿಂತ ಆಟೋಗಳಲ್ಲಿ ಒಳಗೆ 786 ಅಂಟಿಸಿ, ಹಿಂದೆ ಶಂಕರ್ ನಾಗ್ ಅಂಟಿಸಿದವೂ ಇದ್ದವು. 1986ರ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ದ್ವಾರಕೀಶ್ ಬಪ್ಪಿ ಲಹಿರಿಯವರನ್ನೇ ಕರೆತಂದರು.

ಇಲ್ಲೊಂದು ವ್ಯಂಗ್ಯವಿದೆ. ಬೆಂಗಳೂರಿನ ಹುಡುಗರು ಮುಂಬೈ, ಲಂಡನ್ನಿಗೆ ಹೋಗಿ ಹಿಂದಿ ಡಿಸ್ಕೋ ಮಾಡಿದರು. ಆ ವರ್ಷಗಳಲ್ಲಿ ಕನ್ನಡದ ಹಾಡುಗಳು ಬಹುಪಾಲು ಮುದ್ರಣವಾಗುತ್ತಿದ್ದದ್ದು ಮದರಾಸಿನಲ್ಲಿ. ಬೆಂಗಳೂರಿನಲ್ಲೇ ಹಾಡು ಮುದ್ರಿಸಬೇಕೆಂದು ಶಂಕರ್ ನಾಗ್, ಅಣ್ಣ ಅನಂತ್ ನಾಗ್ ಜೊತೆ ಸಂಕೇತ್ ಸ್ಟುಡಿಯೊ ಕಟ್ಟಿದ್ದು ಆಮೇಲೆ. ಊರು ಒಂದೇ, ಹಾಡಿನ ಗೀಳೂ ಒಂದೇ. ಆದರೆ ದಂಡಿನವರೂ ಪೇಟೆಯವರೂ ಒಂದು ಕೋಣೆಯಲ್ಲಿ ಕೂತು ಹಾಡು ಮಾಡಲಿಲ್ಲ.

ಇದಕ್ಕೆ ಯಾರನ್ನು ದೂರೋಣ? ದಂಡಿನ ಚಿತ್ರಮಂದಿರಗಳಲ್ಲಿ ಇಂಗ್ಲಿಷ್, ಹಿಂದಿ, ತಮಿಳು ಚಿತ್ರಗಳದ್ದೇ ದರ್ಬಾರು, ಸ್ವಂತ ರಾಜಧಾನಿಯಲ್ಲೇ ಕನ್ನಡಕ್ಕೆ ಜಾಗವಿಲ್ಲ ಎಂಬ ನೋವು ಕನ್ನಡಿಗರಿಗೆ ಅರವತ್ತರ ದಶಕದಿಂದಲೂ ಇತ್ತು. ಆ ನೋವು ಸುಳ್ಳಲ್ಲ. 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಅದು ದೊಡ್ಡ ಅಲೆಯಾಯಿತು. ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ದಂಡಿನ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಮೂರು ತಲೆಮಾರು ಇಲ್ಲೇ ಹುಟ್ಟಿ ಬೆಳೆದರೂ ಕನ್ನಡ ಪತ್ರಿಕೆಯೊಂದು ಒಳಗೆ ಬರಲಿಲ್ಲ. ಮಾರುಕಟ್ಟೆಯ ಕನ್ನಡ ಬಂತು, ಓದುವ ಕನ್ನಡ ಬರಲಿಲ್ಲ. ಫಿರೋಝ್ ಖಾನರಾಗಲಿ ಬಿಡ್ಡುವಾಗಲಿ ಹೆಸರು ಮಾಡಿದ್ದು ಕನ್ನಡದಲ್ಲಲ್ಲ. ಆ ಮಟ್ಟಿಗೆ ಊರು ಅವರನ್ನು ಮರೆತದ್ದರಲ್ಲಿ ಅವರ ಪಾಲೂ ಇದೆ.

ಆದರೆ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಕರಾಚಿಯ ಹುಡುಗಿ ಹಾಡಿದ ಹಾಡು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಮೊಳಗಿತು. ಅದರ ಭಾಷೆಯನ್ನು ಹಿಂದಿ ಎನ್ನಿ, ಉರ್ದು ಎನ್ನಿ, ಎರಡಕ್ಕೂ ಸಲ್ಲುತ್ತದೆ. ಯಾರೂ ಆಕ್ಷೇಪಿಸಲಿಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದಾಗ ಮಾತ್ರ ಊರು ಹೊತ್ತಿ ಉರಿಯಿತು. ಜೀವಗಳು ಹೋದವು, ಅಂಗಡಿಗಳು ಬೂದಿಯಾದವು. ಕುಣಿಯಲು ಬೇಕಾದ ಭಾಷೆ ವಾರ್ತೆ ಓದಲು ಹೇಗೆ ಬೇಡವಾಯಿತು? ಕನ್ನಡದ ಹಕ್ಕಿನ ಪ್ರಶ್ನೆ ಬೇರೆ, ಆ ಬೆಂಕಿ ಬೇರೆ. ಎರಡನ್ನೂ ಬೆರೆಸಿದವರು ಇಬ್ಬರಿಗೂ ಉಪಕಾರ ಮಾಡಲಿಲ್ಲ.

ಗಡಿಯಾಚೆಯೂ ಸುಖ ಇರಲಿಲ್ಲ. ಜನರಲ್ ಝಿಯಾ ಉಲ್ ಹಕ್ ಆಳ್ವಿಕೆಯ ಪಾಕಿಸ್ತಾನದಲ್ಲಿ ಪಾಪ್ ಹಾಡು ಸರಕಾರದ ಕಣ್ಣಿಗೆ ಸಲ್ಲದ ವಸ್ತುವಾಗಿತ್ತು. ಝಿಯಾ ಸತ್ತ ಮೇಲೆ, 1989ರಲ್ಲಿ, ಪಾಕಿಸ್ತಾನ ಟಿ.ವಿ.ಯಲ್ಲಿ ಅಕ್ಕ-ತಮ್ಮ ನಡೆಸಿಕೊಟ್ಟ ಸಂಗೀತ ಕಾರ್ಯಕ್ರಮವೊಂದಕ್ಕೂ ವಿರೋಧ ಬಂತು. ನಾಝಿಯಾ ಕಾನೂನು ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು, ಬಡ ಮಕ್ಕಳಿಗಾಗಿ ದುಡಿದರು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಬರೀ 35.

ಪಾಕಿಸ್ತಾನದ ಹುಡುಗಿಗೆ ಭಾರತದ ತೆರೆ ಒದಗಿಸಿದ ಫಿರೋಝ್ ಖಾನರಿಗೆ ಆ ದೇಶದಿಂದ ಸಿಕ್ಕಿದ್ದು ಬೇರೆ. 2006ರಲ್ಲಿ ತಮ್ಮ ಅಕ್ಬರ್ ಖಾನರ 'ತಾಜ್ ಮಹಲ್' ಚಿತ್ರಕ್ಕಾಗಿ ಲಾಹೋರಿಗೆ ಹೋದಾಗ, ನಮ್ಮದು ಜಾತ್ಯತೀತ ದೇಶ, ಅಲ್ಲಿ ಮುಸ್ಲಿಮರು ಮುಂದೆ ಬರುತ್ತಿದ್ದಾರೆ ಎಂಬರ್ಥದ ಮಾತಾಡಿ, ಪಾಕಿಸ್ತಾನದ ಸ್ಥಿತಿಯೊಂದಿಗೆ ಹೋಲಿಸಿದರು. ಮುಶರಫ್ ಸರಕಾರ ಅವರಿಗೆ ಮತ್ತೆ ವೀಸಾ ಕೊಡಬಾರದೆಂದು ಆಜ್ಞೆ ಹೊರಡಿಸಿತು.

ಕೊನೆಗೆ ಅವರು ಬೆಂಗಳೂರಿಗೇ ಮರಳಿದರು. ಊರ ಹೊರಗೆ ತೋಟದ ಮನೆ, ಕುದುರೆಗಳು. ಕ್ಯಾನ್ಸರಿನಿಂದ ಬಳಲಿ 2009ರ ಏಪ್ರಿಲ್ 27ರಂದು ಅಲ್ಲೇ ಪ್ರಾಣ ಬಿಟ್ಟರು. 'ಕುರ್ಬಾನಿ'ಯಲ್ಲಿ ಜೊತೆಗಿದ್ದ ವಿನೋದ್ ಖನ್ನಾ ತೀರಿಕೊಂಡದ್ದೂ ಏಪ್ರಿಲ್ 27ರಂದೇ, ಎಂಟು ವರ್ಷ ಬಿಟ್ಟು. ಬಿಡ್ಡು 2010ರಲ್ಲಿ 'ಮೇಡ್ ಇನ್ ಇಂಡಿಯಾ' ಎಂಬ ಹೆಸರಿನಲ್ಲಿ ಆತ್ಮಕಥೆ ಬರೆದರು. 'ಡಿಸ್ಕೋ ದೀವಾನೆ'ಯನ್ನು 2012ರಲ್ಲಿ, 'ಆಪ್ ಜೈಸಾ ಕೋಯಿ'ಯನ್ನು 2022ರಲ್ಲಿ ಹಿಂದಿ ಚಿತ್ರಗಳು ಮತ್ತೆ ಬಳಸಿಕೊಂಡವು. ಅಮೀನ್ ಸಯಾನಿಯವರು 2024ರ ಫೆಬ್ರವರಿ 20ರಂದು ತೀರಿಕೊಂಡರು.

ಇಂದು ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿದರೆ ನಾವು ಹೇಳಿದ ಇಡೀ ಪೂರ್ವಭಾಗ ಅರ್ಧ ಗಂಟೆಯೊಳಗೆ ಕಣ್ಣ ಮುಂದೆ ಹಾಯುತ್ತದೆ. ನಿಲ್ದಾಣವಿರುವ ಜಾಗದಲ್ಲಿ ಪ್ಲಾಝಾ ಚಿತ್ರಮಂದಿರವಿತ್ತು. ಹಲಸೂರಿನ ಕಡೆಯ ಲಿಡೊ ಚಿತ್ರಮಂದಿರದ ಜಾಗದಲ್ಲಿ ಮಾಲ್ ಇದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಇಂದಿರಾನಗರದ ನೂರಡಿ ರಸ್ತೆಯ ಹೋಟೆಲುಗಳಲ್ಲಿ ಹಳೆಯ ಹಾಡುಗಳ ರಾತ್ರಿ ಎಂದು ಫಲಕ ಹಾಕಿ ನಾಝಿಯಾಳನ್ನು ಹಾಕುತ್ತಾರೆ. ಆ ಹಾಡು ಹುಟ್ಟುವಾಗ ಹುಟ್ಟೇ ಇರದಿದ್ದ ಹುಡುಗರು ಕುಣಿಯುತ್ತಾರೆ. ಅಲ್ಲಿಂದ ಮುಂದೆ ಬೈಯಪ್ಪನಹಳ್ಳಿ, ಅದರಾಚೆ ಕೆ.ಆರ್. ಪುರ.

ಫಿರೋಝ್ ಖಾನರ ಸಮಾಧಿ ಹೊಸೂರು ರಸ್ತೆಯ ಶಿಯಾ ಕಬರಸ್ತಾನದಲ್ಲಿದೆ, ಅವರ ತಾಯಿಯ ಸಮಾಧಿಯ ಹತ್ತಿರ.